ಕಾಯಿ ಬಿದ್ದರೆ ಒಡಪು

ಜೇವರ್ಗಿ
18 ಆಗಸ್ಟ್ 2024, ರವಿವಾರ

ಪ್ರೀತಿಯ ಮಗಳು ಬಸವೇಶ್ವರಿಗೆ,

ನೀನು, ಗುರುಶಾಂತ, ಮಕ್ಕಳು ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಸುಖವಾಗಿರಿ ಎಂದು ಮೊದಲೇ ಹರಸಿಬಿಡುತ್ತೇನೆ. ಆಮೇಲೆ ಬೈಯುವುದಿದೆ, ಹರಸುವುದು ಮರೆತುಹೋದೀತು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಬೇಡ. ಬರೆಯುವಂಥ ಒಳ್ಳೆಯ ಸುದ್ದಿ ಇರಲಿಲ್ಲ. ಕೆಟ್ಟ ಸುದ್ದಿ ಬರೆದಿದ್ದರೆ ನೀನು ಮರುದಿನವೇ ಅಫಜಲಪುರದಿಂದ ಗಾಡಿ ಮಾಡಿಕೊಂಡು ಬಂದು ನಮ್ಮಿಬ್ಬರನ್ನೂ ಹೇರಿಕೊಂಡು ಹೋಗುತ್ತಿದ್ದೆ.

ಫೋನ್ ಮಾಡಿದರೆ ಕೈ ಸವೆಯುತ್ತದೇನು ಎಂದು ಕೇಳಿದ್ದೀ. ನನ್ನ ಫೋನಿನ ದನಿ ಎಷ್ಟು ದೊಡ್ಡದೆಂದರೆ, ನೀನು ಅಲ್ಲಿ ಮೂಗು ಏರಿಸಿದರೆ ಇಲ್ಲಿ ಹಾಲ್‌ನಲ್ಲಿ ಕೂತವರು "ಮಗಳಿಗಿ ನೆಗಡಿ ಆಗೇತೇನ್ರಿ" ಎಂದು ವಿಚಾರಿಸುತ್ತಾರೆ. ಮೇಲಾಗಿ ನಿಮ್ಮಪ್ಪ ಸದಾ ಪಕ್ಕದಲ್ಲೇ ಇರುತ್ತಾರೆ. ಅವರ ಮಾತು ಹೋಗಿದೆ, ಕಿವಿ ಹೋಗಿಲ್ಲ. ಅವರ ಎದುರಿಗೆ ಅವರದೇ ಸುದ್ದಿ ಹೇಳುವುದು ನನ್ನಿಂದಾಗದು. ಅದಕ್ಕಿಂತ ಕಾಗದವೇ ಪಾಡು. ನಿನ್ನ ಮೈದುನ ಶಾಂತಕುಮಾರ ರವಿವಾರ ತೊಗರಿಬೇಳೆ ಗಾಡಿ ತಗೊಂಡು ಈ ಕಡೆ ಬರುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತೇನೆ.

ಈಗ ಬೈಗಳು. "ಮುದುಕರ ಕೈಗೆ ಚೆಂಡು ಕೊಟ್ಟು ಕುಣಿಸುವ ಜಾಗದಲ್ಲಿ ಅಪ್ಪನನ್ನು ಇಟ್ಟಿದ್ದೀ, ಊರ ಮಂದಿ ಏನಂದಾರು" ಎಂದು ಬರೆದಿದ್ದೀ. ಮಂದಿ ಏನಾದರೂ ಅಂದುಕೊಳ್ಳಲಿ. ಆ ಮಂದಿಯಲ್ಲಿ ಒಬ್ಬರಾದರೂ ಬಂದು ನಿಮ್ಮಪ್ಪನನ್ನು ಎತ್ತಿ ಕೂರಿಸಿದ್ದನ್ನು ನಾನು ಕಾಣೆ. ಹೋದ ದೀಪಾವಳಿ ಮುಂದೆ ಅವರಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತು ನಿಂತಿತು. ನಮ್ಮೂರು ಕಿಣ್ಣಿ ಸುಲ್ತಾನದ ಮನೆಯಲ್ಲಿ ಅವರನ್ನು ಬಚ್ಚಲಿಗೆ ಕರೆದೊಯ್ಯಲು ನನ್ನ ನಡು ಸಾಲಲಿಲ್ಲ. ನಿನ್ನ ಮನೆ ಮಹಡಿ ಮೇಲೆ, ನೀವು ಗಂಡಹೆಂಡತಿ ಇಬ್ಬರೂ ಬೆಳಗಾದರೆ ಶಾಲೆಗೆ ಹೋಗುವವರು. ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ನಾನೇ ಯೋಚನೆ ಮಾಡಿ, ಟ್ರಸ್ಟಿನವರು ವಯಸ್ಸಾದವರಿಗಾಗಿ ನಡೆಸುವ ಈ ಹಿರಿಯರ ಮನೆಗೆ ಬಂದೆ. ಕಲಬುರಗಿಯ ಡಾಕ್ಟರು ನಿನ್ನ ಎದುರಿಗೇ ಹೇಳಿದ್ದರು, "ಇವರೊಬ್ಬರನ್ನೇ ಮಲಗಿಸಿ ಇಡಬ್ಯಾಡ್ರಿ. ನಾಲ್ಕು ಮಂದ್ಯಾಗ ಕೂಡಸ್ರಿ. ಕೈಗೆ ಬಾಯಿಗೆ ಕೆಲಸ ಸಿಗಬೇಕು." ಕಿಣ್ಣಿಯ ಮನೆಯಲ್ಲಿ ನಾಲ್ಕು ಮಂದಿಯನ್ನು ಎಲ್ಲಿಂದ ತರಲಿ?

ನಿನಗೆ ಬೈಯುವ ಹಕ್ಕು ನನಗಿದೆ. ನಾಗರತ್ನಾಕ್ಕ ನಿನ್ನನ್ನು ಹೆತ್ತು, ನಿನಗೆ ಹಲ್ಲು ಮೂಡುವ ಮೊದಲೇ ಹೋಗಿಬಿಟ್ಟಳು. ಹಿರಿಯರು ಕೂತು ಮಾತಾಡಿ, ಕೂಸನ್ನು ಇನ್ಯಾರ ಕೈಗೆ ಕೊಡುವುದು ಎಂದು, ಅವಳ ತಂಗಿಯಾದ ನನ್ನನ್ನೇ ನಿಮ್ಮಪ್ಪನಿಗೆ ಮದುವೆ ಮಾಡಿದರು. ನಿನ್ನ ಹಾಲುಹಲ್ಲಿನಿಂದ ಹಿಡಿದು ಹೋದ ವರ್ಷ ಕೀಳಿಸಿದ ದವಡೆ ಹಲ್ಲಿನ ತನಕ ಎಲ್ಲ ನೋಡಿದವಳು ನಾನು. ಹಾಗಾಗಿ ಸುಮ್ಮನೆ ಬೈಸಿಕೋ.

ಆದರೆ ನಮ್ಮ ಒಪ್ಪಂದ ನನಗೆ ನೆನಪಿದೆ. ದಸರೆ ತನಕ ನೋಡುವುದು. ಅಷ್ಟರೊಳಗೆ ಅವರ ಬಾಯಿಂದ ಮಾತು ಹೊರಡದಿದ್ದರೆ ನೀನು ಹೇಳಿದ ಹಾಗೆ ಗಂಟು ಕಟ್ಟಿಕೊಂಡು ನಿನ್ನ ಮನೆಗೆ ಬರುವುದು. ನಿನಗೆ ಅಪ್ಪನ ಮಾತು ಬೇಕು. ನನಗೂ ಬೇಕು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಮುಖ ಒರೆಸುವಾಗ ನನ್ನನ್ನೇ ನೋಡುತ್ತಾರೆ. ಕಿಟಕಿಯನ್ನೂ ಹಾಗೇ ನೋಡುತ್ತಾರೆ. ನಾನು ಯಾರೆಂದು ಅವರಿಗೆ ಗೊತ್ತಿದೆಯೋ ಇಲ್ಲವೋ, ಅದೊಂದು ತಿಳಿದರೆ ಸಾಕು ಎನ್ನಿಸುತ್ತದೆ.

ನಿಜ ಹೇಳಬೇಕೆಂದರೆ ಮೊದಮೊದಲು ಇಲ್ಲಿಯ ಆಟ ನೋಡಿ ನನಗೂ ಮೈ ಉರಿಯುತ್ತಿತ್ತು. ಇಲ್ಲಿ ನಮ್ಮನ್ನು ನೋಡಿಕೊಳ್ಳುವ ಭಾಗ್ಯಾ ಅನ್ನುವ ಹುಡುಗಿ ಬಹಳ ಒಳ್ಳೆಯವಳು. ಗುಳಿಗೆ ಕೊಡುವುದು, ಬಿ.ಪಿ. ನೋಡುವುದು, ಕೈಕಾಲು ಆಡಿಸುವುದು ಎಲ್ಲ ಅವಳೇ. ಅವಳು ಮಧ್ಯಾಹ್ನ ಎಲ್ಲರನ್ನೂ ದುಂಡಗೆ ಕುರ್ಚಿ ಹಾಕಿ ಕೂರಿಸಿ ನಡುವೆ ಒಂದು ಫುಗ್ಗಾ ಊದಿ ಹಾರಿಸುತ್ತಿದ್ದಳು. ಅದು ನೆಲಕ್ಕೆ ಬೀಳದಂತೆ ಒಬ್ಬರಿಂದ ಒಬ್ಬರಿಗೆ ತಟ್ಟಬೇಕು. ನಿವೃತ್ತ ಬಸ್ ಡ್ರೈವರ್ ಹಣಮಂತ್ರಾಯರಿಗೆ ಸಿಟ್ಟು ನೆತ್ತಿಗೇರಿತು. "ಆಳಂದ ಅಫಜಲಪುರ ರೋಡಿನ್ಯಾಗ ಜನ್ಮ ಪೂರಾ ಗಾಡಿ ಓಡಿಸೀನಿ. ಈಗ ಫುಗ್ಗಾ ಬಡೀಬೇಕೇನವ್ವ ನಾ" ಎಂದು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಮಲಗಿದರು. ಊಟವನ್ನೂ ಕೋಣೆಗೇ ತರಿಸಿಕೊಳ್ಳುತ್ತಿದ್ದರು. ಫುಗ್ಗಾ ನಿಮ್ಮಪ್ಪನ ಎದೆಗೆ ಬಂದು ತಾಗಿ ಕೆಳಗೆ ಬಿದ್ದರೂ ಅವರು ಕಣ್ಣು ಮಿಟುಕಿಸಲಿಲ್ಲ.

ಇದನ್ನೆಲ್ಲ ನೋಡುತ್ತ ಮೂಲೆಯಲ್ಲಿ ಬೀಡಿ ಇಲ್ಲದ ಬಾಯಿ ಚಪ್ಪರಿಸುತ್ತ ಕೂತಿದ್ದವರು ಲಾಡ್ಲೆಸಾಬರು. ಆಳಂದದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದಾರೆ. ಶ್ರಾವಣ ಹತ್ತಿದ ದಿನ ಅವರು ಭಾಗ್ಯಾಳನ್ನು ಕರೆದು, "ಬೇಟಿ, ಒಂದು ಹಳೇ ಚಾದರ ಕೊಡವಾ. ಫುಗ್ಗಾ ಕೂಸುಗಳಿಗಿ ಇಡು. ನಾ ಇವರಿಗಿ ಇವರ ಆಟ ಕೊಡ್ತೇನಿ" ಎಂದರು. ಚಾದರದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಪಗಡಿ ಹಾಸು ಬರೆದರು. ಕವಡೆ ಸಿಗಲಿಲ್ಲವೆಂದು ಅಡಿಗೆಮನೆಯಿಂದ ಹುಣಸೆ ಬೀಜ ತಂದು, ಮೆಟ್ಟಿಲ ಕಲ್ಲಿಗೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದರು. ಕಾಯಿಗೆ ಹಳೆ ಅಂಗಿಗಳ ಗುಂಡಿ. ನೀನು ಪಗಡಿ ಆಡಿದವಳಲ್ಲ, ನಾನೂ ಅಲ್ಲ. ನಮ್ಮೂರ ಕಟ್ಟೆಯ ಮೇಲೆ ಶ್ರಾವಣ ಪೂರ್ತಿ ಗಂಡಸರೇ ಆಡುವುದು, ನಾವು ಚಾ ಕಳಿಸುವುದು. ನಾಲ್ಕು ದಿಕ್ಕಿಗೆ ನಾಲ್ಕು ಮಂದಿ ಬೇಕು. ಎದುರುಬದುರು ಕೂತವರು ಜೋಡಿ. ಒಬ್ಬ ಗೆದ್ದರೆ ಸಾಲದು, ಜೋಡಿಯವನನ್ನೂ ದಾಟಿಸಬೇಕು.

ಹಣಮಂತ್ರಾಯರು ಪಗಡಿ ಎಂಬ ಶಬ್ದ ಕೇಳಿದ್ದೇ ಬಾಗಿಲು ತೆರೆದು ಬಂದರು. ಮೂರನೆಯವರು ಯಾರು ಎಂದಾಗ ಸುಂದರಬಾಯಿ ಸೀರೆ ಸಿಕ್ಕಿಸಿ ಕೂತೇಬಿಟ್ಟರು. ಗಾಣಗಾಪುರದಲ್ಲಿ ಯಾತ್ರಿಕರಿಗೆ ಕಾಯಿಕರ್ಪೂರ ಮಾರುತ್ತಿದ್ದ ಹೆಂಗಸು, ಬಾಯಿ ಜೋರು.

"ಹೆಣ್ಣಮಕ್ಕಳು ಪಗಡಿ ಆಡ್ತಾರೇನ್ರಿ?" ಎಂದರು ಹಣಮಂತ್ರಾಯರು.

"ಯಾಕ, ನಿಮ್ಮ ಗುಂಡಿ ನಮ್ಮ ಕೈಗಿ ಕಚ್ಚತಾವೇನು? ಹಾಕ್ರಿ ಬೀಜ" ಎಂದರು ಸುಂದರಬಾಯಿ.

ನಾಲ್ಕನೆಯ ಮೂಲೆಗೆ ಲಾಡ್ಲೆಸಾಬರು ನಿಮ್ಮಪ್ಪನ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದರು. ಮೇಜು ತಂದು ಹಾಸನ್ನು ಅದರ ಮೇಲೆ ಏರಿಸಿದರು. "ರಾಯರು ನನ್ನ ಜೋಡಿ. ಅವರು ಬೀಜ ಹಾಕ್ತಾರ, ನಾ ಕಾಯಿ ನಡಸ್ತೇನಿ" ಎಂದರು. ನನಗೆ ಅವಮಾನವಾದ ಹಾಗಾಯಿತು. ಕೈ ಬಿದ್ದ ಮನುಷ್ಯನನ್ನು ನಾಲ್ಕು ಮಂದಿಯ ಮುಂದೆ ಯಾಕೆ ಹೀಗೆ ಕೂರಿಸುತ್ತಾರೆ ಎಂದು ಕೊತ್ತಂಬರಿ ಸೋಸುವ ನೆಪದಲ್ಲಿ ಅಡಿಗೆಮನೆ ಬಾಗಿಲಿಗೆ ಹೋಗಿ ನಿಂತೆ. ಲಾಡ್ಲೆಸಾಬರು ಬೀಜವನ್ನು ಅವರ ಬಲಗೈಯಲ್ಲೇ ಇಟ್ಟು, ಮೇಲೆ ತಮ್ಮ ಕೈ ಇಟ್ಟು ಅಲುಗಾಡಿಸಿ ಚೆಲ್ಲಿಸುತ್ತಿದ್ದರು. ಹೀಗೇ ಒಂದು ವಾರ ನಡೆಯಿತು.

ಮೊನ್ನೆ ಶುಕ್ರವಾರ ಹಣಮಂತ್ರಾಯರಿಗೆ ಹತ್ತು ಬಿತ್ತು. ಅವರು ಕಾಯಿ ನಡೆಸುತ್ತ ನಡೆಸುತ್ತ ಮೆಲ್ಲಗೆ ಒಂದು ಮನೆ ಹೆಚ್ಚು ದಾಟಿಸಿ ಲಾಡ್ಲೆಸಾಬರ ಕಾಯಿ ಹೊಡೆದರು. ಯಾರೂ ನೋಡಿರಲಿಲ್ಲ. ಆಗ ಒಂದು ದನಿ, ಗಂಟಲಲ್ಲಿ ಕಲ್ಲು ಹೊರಳಿದ ಹಾಗೆ, "ಖೊಟ್ಟಿ" ಎಂದಿತು.

ಎಲ್ಲರೂ ಕೈ ಎತ್ತಿದವರು ಎತ್ತಿದ ಹಾಗೇ ಕೂತರು. "ಯಾರು ಖೊಟ್ಟಿ ಅಂದಾವರು?" ಎಂದು ಹಣಮಂತ್ರಾಯರು ಏರಿಬಂದರು. ಲಾಡ್ಲೆಸಾಬರು, "ರಾಯರು ಅಂದ್ರು. ಬರೋಬ್ಬರಿ ಅಂದ್ರು. ಕಾಯಿ ಹಿಂದಕ ತಗೀರಿ" ಎಂದರು. ಹಣಮಂತ್ರಾಯರು ನಿಮ್ಮಪ್ಪನ ಮುಖ ನೋಡಿದರು. ಆಮೇಲೆ ಕಾಯಿ ಹಿಂದಿಟ್ಟು, "ಹೌದ್ರಿ ರಾಯರ, ಖೊಟ್ಟಿ ಆಡೀನಿ. ಇನ್ನೊಮ್ಮಿ ಅನ್ರಿ" ಎಂದರು. ನಿಮ್ಮಪ್ಪ ಇನ್ನೊಮ್ಮೆ "ಖೊಟ್ಟಿ" ಎಂದರು. ದೀಪಾವಳಿಯಿಂದ ಇಲ್ಲಿಯ ತನಕ ಮೊದಲ ಮಾತು. ನಾನು ಕೊತ್ತಂಬರಿ ಅಲ್ಲೇ ಚೆಲ್ಲಿ ಕೋಣೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಹಣಮಂತ್ರಾಯರು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ, ತಾವು ಮೋಸ ಮಾಡಿದ್ದಕ್ಕೇ ರಾಯರಿಗೆ ಮಾತು ಬಂತಂತೆ. ಆ ಪುಣ್ಯ ಅವರಿಗೇ ಇರಲಿ ಬಿಡು. ದಸರೆಗೆ ಇನ್ನೂ ದಿನ ಇದೆ. ನನ್ನ ಕಡೆ ಇನ್ನೂ ಒಂದು ಮಾತೂ ತಿರುಗಿಲ್ಲ, ಆದರೆ ಅವಸರ ಮಾಡುವುದಿಲ್ಲ.

ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಚಿಗವ್ವ,
ಶಿವಕಾಂತಾ

ತಾ.ಕ.: ಶೇಂಗಾ ಹಿಂಡಿ ಕಳಿಸು, ಖಾರ ಕಮ್ಮಿ ಇರಲಿ. ಸುಂದರಬಾಯಿ ಕೂಡ ತಿನ್ನುತ್ತಾರೆ, ಸ್ವಲ್ಪ ಹೆಚ್ಚೇ ಇರಲಿ.


ಜೇವರ್ಗಿ
6 ಅಕ್ಟೋಬರ್ 2024, ರವಿವಾರ

ಪ್ರೀತಿಯ ಬಸವೇಶ್ವರಿಗೆ,

ನವರಾತ್ರಿಯ ದೀಪ ಹಚ್ಚಿದ್ದೀ ಎಂದುಕೊಂಡಿದ್ದೇನೆ. ಆ ದೀಪದ ಬೆಳಕು ನಿನ್ನ ಮನೆ ತುಂಬಿರಲಿ. ಈ ಸಲವೂ ತಡವಾಯಿತು, ಈ ಸಲದ ಕಾರಣ ಮಾತ್ರ ಬೇರೆ. ನನಗೆ ಪುರಸೊತ್ತಿಲ್ಲ. ನಗಬೇಡ. ನಾನೂ ಪಗಡಿ ಆಡುತ್ತಿದ್ದೇನೆ.

ಸುಂದರಬಾಯಿಗೆ ಮೊಣಕಾಲು ಹಿಡಿದುಕೊಂಡಿತು, ಮೂರು ದಿನ ಮಲಗಿದರು. ನಾಲ್ಕನೆಯ ಕೈ ಇಲ್ಲದೆ ಆಟ ನಿಂತಿತು. ಆ ಮೂರು ದಿನ ನೋಡಬೇಕಿತ್ತು ನೀನು ಈ ಮನೆಯನ್ನು. ಹಣಮಂತ್ರಾಯರು ಮತ್ತೆ ಕೋಣೆ ಸೇರಿದರು, ಲಾಡ್ಲೆಸಾಬರು ಚಾದರ ಹಾಸುವುದು ಮಡಿಸುವುದು ಮಾಡುತ್ತಿದ್ದರು, ನಿಮ್ಮಪ್ಪ ಊಟದ ತಟ್ಟೆ ದೂಡಿದರು. ಕೊನೆಗೆ ಲಾಡ್ಲೆಸಾಬರೇ ಬಂದು, "ಕಿಣ್ಣಿ ಬಾಯಾರ, ನೀವು ಕೂಡ್ರಿ. ಗೊತ್ತಿಲ್ಲಂದ್ರ ಕಲೀರಿ. ಇಲ್ಲಿ ಯಾರು ಮಾಸ್ತರ ಹಂಗ ಛಡಿ ಹಿಡಕೊಂಡು ಕುಂತಿಲ್ಲ" ಎಂದರು. ಇಲ್ಲಿ ಹೆಂಗಸರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಊರು ಹಿಡಿದೇ ಕರೆಯುವುದು. ನಾನು ಕಿಣ್ಣಿ ಬಾಯಾರ, ಸುಂದರಬಾಯಿ ಒಬ್ಬರೇ ತಮ್ಮ ಹೆಸರು ತಾವೇ ಸಾರಿಕೊಂಡವರು. ಕೂತೆ. ಹಣಮಂತ್ರಾಯರ ಜೋಡಿಯಾಗಿ, ನಿಮ್ಮಪ್ಪನ ಪಕ್ಕದ ಮೂಲೆಯಲ್ಲಿ. ಈ ವಯಸ್ಸಿನಲ್ಲಿ ಗಂಡನಿಗೇ ಎದುರಾಳಿಯಾಗಿ ಕೂತು ಅವರ ಕಾಯಿ ಹೊಡೆಯುವ ಭಾಗ್ಯ ಯಾರಿಗಿದೆ ಹೇಳು.

ಈಗ ನಾನು ಮತ್ತು ಸುಂದರಬಾಯಿ ಸರದಿ ಮೇಲೆ ಆಡುತ್ತೇವೆ. ಸರದಿಗಾಗಿ ಒಮ್ಮೆ ದೊಡ್ಡ ಜಗಳವಾಗಿ ಅವರು ನನ್ನ ಸಂಗಡ ಮಾತು ಬಿಟ್ಟಿದ್ದರು. ನೀನು ಕಳಿಸಿದ ಶೇಂಗಾ ಹಿಂಡಿ ಮುಂದಿಟ್ಟೆ, ಸರಿಹೋದರು. ಬಹಳ ವರ್ಷದ ಮೇಲೆ ಒಬ್ಬ ಗೆಳತಿಯೊಂದಿಗೆ ಜಗಳವಾಡಿದೆ ಬಸವೇಶ್ವರಿ, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಹಣಮಂತ್ರಾಯರು ಈಗ ಎಲ್ಲರ ಸಂಗಡ ಪಂಕ್ತಿಯಲ್ಲೇ ಉಣ್ಣುತ್ತಾರೆ, ತಡವಾದರೆ ಮೊದಲ ಆಟ ತಪ್ಪುತ್ತದಲ್ಲ. ಭಾಗ್ಯಾ ಅವರ ಸಕ್ಕರೆ ನೋಡಿ, "ಕಾಕಾ, ಏನ್ ಮಾಡೀರಿ, ಕಮ್ಮಿ ಆಗೇತಿ" ಎಂದು ಕೇಳಿದರೆ, "ಸಿಟ್ಟು ಹೊರಗ ಹಾಕಾಕತ್ತೇನಿ, ಸಕ್ಕರಿ ಅದರ ಹಿಂದ ಹೊಂಟೇತಿ" ಎನ್ನುತ್ತಾರೆ. ಟ್ರಸ್ಟಿನ ಒಬ್ಬ ಸಾಹೇಬರು ಬಂದು ನೋಡಿ ಖುಷಿಯಾಗಿ, ಈ ಆಟಕ್ಕೆ ಮೂರರಿಂದ ನಾಲ್ಕರ ತನಕ ಎಂದು ಟೈಮ್ ಹಾಕುತ್ತೇವೆ ಎಂದರು. "ಕಾಯಿ ನಡುದಾರ್‍ಯಾಗ ಇದ್ದಾಗ ನಾಕ ಹೊಡದ್ರ ಏನ್ ಮಾಡೂದ್ರಿ ಸಾಹೇಬ್ರ, ಅಲ್ಲೇ ಮಲಗಸೂದೇನು?" ಎಂದು ಸುಂದರಬಾಯಿ ಕೇಳಿದರು. ಸಾಹೇಬರು ಮತ್ತೆ ಆ ಮಾತು ಎತ್ತಲಿಲ್ಲ.

ನಿಮ್ಮಪ್ಪನ ಸುದ್ದಿಗೇ ನೀನು ಕಾಯುತ್ತಿದ್ದೀ, ಗೊತ್ತು. ಬಲಗೈಯಲ್ಲಿ ಬೀಜ ತಾವೇ ಹಿಡಿದು ಚೆಲ್ಲುತ್ತಾರೆ. ಒಂದೆರಡು ಕೆಳಗೆ ಬೀಳುತ್ತವೆ, ಬಿದ್ದರೆ ಯಾರೂ ಎತ್ತಿಕೊಡಬಾರದು, ಅವರೇ ಬಗ್ಗಿ ಮೇಜಿನ ಅಂಚಿಗೆ ತಡಕಾಡಿ ತೆಗೆಯುತ್ತಾರೆ. ಅಂಗಿ ಗುಂಡಿ ಹಾಕಿಕೊಳ್ಳಲು ಬಂದಿದೆ. ಎಣಿಕೆ ಬಂದಿದೆ, ಒಂದರಿಂದ ಪಚ್ಚೀಸ, ಅಂದರೆ ಇಪ್ಪತ್ತೈದರ ತನಕ ತಡೆಯಿಲ್ಲದೆ ಎಣಿಸುತ್ತಾರೆ. ಬೈಗಳೂ ಬಂದಿವೆ. ಲಾಡ್ಲೆಸಾಬರು ತಪ್ಪು ಕಾಯಿ ನಡೆಸಿದರೆ "ಲೇ ಹುಚ್ಚ" ಎನ್ನುತ್ತಾರೆ, ಲಾಡ್ಲೆಸಾಬರು ಸಲಾಂ ಮಾಡುತ್ತಾರೆ. ಆದರೆ ಆಟದ ಹೊರಗಿನ ಮಾತು ಬರುತ್ತಿರಲಿಲ್ಲ. ನೀರು ಬೇಕು, ಚಳಿಯಾಗುತ್ತಿದೆ, ಇದಾವುದೂ ಇಲ್ಲ. ನಾನು ಏನು ಕೇಳಿದರೂ ತಲೆ ಆಡಿಸುವುದೇ. ಭಾಗ್ಯಾ ಹೇಳಿದಳು, "ಬಾಯಾರ, ಎಣಕಿ, ಬೈಗಳ, ಹಾಡು, ಬಾಯಿಪಾಠ ಆಗಿದ್ದು ಎಲ್ಲಾ ಮೊದಲ ಬರ್ತಾವ್ರಿ. ಹೊಸಾ ಮಾತು ಕಟ್ಟೂದು ಆಮ್ಯಾಲೆ. ದಾರಿ ಬಿಟ್ಟೇತಿ, ನಡೀಲಿ."

ಇದನ್ನು ಕೇಳಿಕೊಂಡ ಸುಂದರಬಾಯಿಗೆ ಒಂದು ವಿಚಾರ ಹೊಳೆಯಿತು. ಬಾಯಿಪಾಠ ಬರುತ್ತದೆ ಎಂದರೆ, ಮದುವೆಯಲ್ಲಿ ಬಾಗಿಲು ತಡೆದು ಪ್ರಾಸ ಕೂಡಿಸಿ ಹೇಳಿಸುವ ಒಡಪು ಯಾಕೆ ಬರಬಾರದು? ಅಂದಿನಿಂದ ಹೊಸ ಕಾನೂನು. ಯಾರ ಕಾಯಿ ಹೊಡೆತಕ್ಕೆ ಬೀಳುತ್ತದೋ ಅವರು ಗಂಡನ ಹೆಸರನ್ನೋ ಹೆಂಡತಿಯ ಹೆಸರನ್ನೋ ಸೇರಿಸಿ ಒಂದು ಒಡಪು ಹೇಳಬೇಕು. ಹೇಳದಿದ್ದರೆ ಆ ಕಾಯಿ ಮತ್ತೆ ಹಾಸಿನ ಮೇಲೆ ಹುಟ್ಟುವ ಹಾಗಿಲ್ಲ.

ಮೊದಲು ಬಿದ್ದದ್ದು ಹಣಮಂತ್ರಾಯರ ಕಾಯಿ. "ನನಗ ಲಗ್ನನ ಆಗಿಲ್ಲ, ಮಾಫ್ ಮಾಡ್ರಿ" ಎಂದರು. "ಹಂಗಾರ ಬಸ್ಸಿಂದು ಹೇಳ್ರಿ, ಅದರ ಸಂಗಟ್ಯಾನ ಸಂಸಾರ ಮಾಡೀರಿ" ಎಂದರು ಸುಂದರಬಾಯಿ. ಹಣಮಂತ್ರಾಯರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಆಳಂದ ಅಫಜಲಪುರ ದಿನಾ ಎರಡ ಟ್ರಿಪ್ಪ, ನನ್ನ ಬಸ್ಸಿಗಿ ಡೀಸೆಲ್ಲೇ ಹಾಲ ತುಪ್ಪ" ಎಂದಾಗ ಅಡಿಗೆಮನೆಯವರು ಕೂಡ ಹೊರಗೆ ಬಂದು ನಕ್ಕರು. ಲಾಡ್ಲೆಸಾಬರು, "ನಮ್ಮಾಗ ಒಡಪು ಇಲ್ಲ, ಆದರ ನಿಮ್ಮ ಲಗ್ನದಾಗ ಕೇಳಿ ಕೇಳಿ ಬಂದಾವ" ಎಂದು ಹೇಳಿದರು, "ಆಳಂದ ಪ್ಯಾಟ್ಯಾಗ ಹೊಡದೈತಿ ಸೈಕಲ್ ಗಂಟಿ, ರಜಿಯಾಬೇಗಂ ಹೋದ ಮ್ಯಾಲೆ ನಾ ಒಬ್ಬಂಟಿ." ಹೇಳಿ ತಾವೇ ಮೊದಲು ನಕ್ಕರು. ನಾವು ನಗಲಿಲ್ಲ.

ನನ್ನ ಕಾಯಿ ಬಿದ್ದಾಗ ನಾಚಿಕೆಯಿಂದ ಬೆವತುಹೋದೆ. "ಶೇಂಗಾದ ಹಿಂಡಿ, ಎಳ್ಳ ಹಚ್ಚಿದ ರೊಟ್ಟಿ, ದೌಲತರಾಯರ ಹೆಸರ ಹೇಳ್ತೇನಿ ಮನಸ ಮಾಡಿ ಗಟ್ಟಿ." ಇಡೀ ಜನ್ಮದಲ್ಲಿ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನಿನಗೆ ಗೊತ್ತಲ್ಲ, ನನ್ನ ಮದುವೆಯಲ್ಲಿ ಯಾರೂ ಬಾಗಿಲು ತಡೆದು ಒಡಪು ಕೇಳಲಿಲ್ಲ. ಜಿಡಗಾ ಮಠದಲ್ಲಿ ಐದು ಮಂದಿಯ ಎದುರು ಅಕ್ಷತೆ ಬಿತ್ತು, ನೀನು ನನ್ನ ತೊಡೆಯ ಮೇಲೆ ಅಳುತ್ತಿದ್ದೆ, ಅಕ್ಕನಿಗಾಗಿ ಎಲ್ಲರ ಕಣ್ಣೂ ಕೆಂಪಗಿದ್ದವು. ಅಂಥ ಮದುವೆಯಲ್ಲಿ ಚೇಷ್ಟೆ ಮಾಡುವವರು ಯಾರು? ನಿಮ್ಮಪ್ಪ ಒಳ್ಳೆಯವರು, ನನಗೆ ಯಾವುದರಲ್ಲೂ ಕಮ್ಮಿ ಮಾಡಲಿಲ್ಲ, ಒಂದು ದಿನ ಗದರಿಸಲಿಲ್ಲ. ಆದರೆ ನಮ್ಮ ಕಡೆ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಕೇಳಿಲ್ಲೇ", "ಎಲ್ಲಿದ್ದೀ" ಅಷ್ಟೇ. ಒಡಪು ಒಂದೇ ಅದಕ್ಕೆ ದಾರಿ. ಆ ದಾರಿ ನನಗೆ ಸಿಕ್ಕಿರಲಿಲ್ಲ. ಅವರ ಬಾಯಲ್ಲಿ ನನ್ನ ಹೆಸರು ಒಂದೇ ಸಾರಿ ಕೇಳಬೇಕು ಎಂದು ಈಗ, ಈ ಹಲ್ಲಿಲ್ಲದ ವಯಸ್ಸಿನಲ್ಲಿ, ಆಸೆ ಹುಟ್ಟಿತು. ನಗುವುದಾದರೆ ನಗು. ದಿನಾ ಅವರ ಕಾಯಿ ಬೀಳಲಿ ಎಂದು ಕಾಯುತ್ತಿದ್ದೆ.

ಮೊನ್ನೆ ಶುಕ್ರವಾರ ಹಣಮಂತ್ರಾಯರ ಕಾಯಿ ಬಂದು ನಿಮ್ಮಪ್ಪನ ಕಾಯಿ ಹೊಡೆಯಿತು. "ರಾಯರಿಗಿ ಮಾಫ್, ಅವರಿಗಿ ಕಾನೂನು ಇಲ್ಲ" ಎಂದು ಸುಂದರಬಾಯಿಯೇ ಕಾಯಿ ಎತ್ತಿಡಲು ಹೋದರು. ನಿಮ್ಮಪ್ಪ ಬಲಗೈ ಎತ್ತಿ ಅಡ್ಡ ಹಿಡಿದರು. "ತಡೀ" ಎಂದರು. ಅವರು ನನ್ನ ಕಡೆ ತಿರುಗಿದರು. ಎರಡು ಸಾರಿ ಬಾಯಿ ತೆರೆದರು, ಬರಲಿಲ್ಲ. ಮೂರನೆಯ ಸಾರಿ ಬಂತು, ಕಟ್ಟೆ ಒಡೆದ ಹಾಗೆ ಒಂದೇ ಉಸಿರಿಗೆ, "ಬಾಗಲಾಗ ಕಟ್ಟ್ಯಾರ ಮಾವಿನ ತೋರಣ" ಎಂದು ಶುರುವಾಗಿ, ನಡುವೆ ಹೆಸರು, ಆಮೇಲೆ "ಇನ್ನ ದಿನಾ ನಮ್ಮನ್ಯಾಗ ಹೋಳಿಗಿ ಹೂರಣ" ಎಂದು ಮುಗಿಯುವ ತನಕ. ಒಂದು ಅಕ್ಷರ ತೊದಲಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಗ್ಯಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಹಣಮಂತ್ರಾಯರು ಎದ್ದು ಬಂದು ನಿಮ್ಮಪ್ಪನ ಬೆನ್ನು ತಟ್ಟಿ, "ಹೊಡದ ಕಾಯಿ ನಂದು, ಇದರ ಪುಣ್ಯನೂ ನನಗ" ಎಂದರು. ಆ ರಾತ್ರಿ ಮಲಗಿಸುವಾಗ ನಿಮ್ಮಪ್ಪ ತಾವಾಗಿ "ನೀರು" ಎಂದು ಕೇಳಿದರು. ಆಟದ ಹೊರಗಿನ ಮೊದಲ ಮಾತು ಅದು. ಮರುದಿನ "ಚಳಿ" ಎಂದರು. ಇವತ್ತು ಲಾಡ್ಲೆಸಾಬರನ್ನು "ಎಲ್ಲಿ ಹೋಗಿದ್ದೀ" ಎಂದು ಕೇಳಿದರಂತೆ.

ಆದ್ದರಿಂದ ಪಂತದಲ್ಲಿ ಸೋತದ್ದು ನೀನು. ಇನ್ನೊಬ್ಬರ ಮನೆಯಲ್ಲಿ ಇಟ್ಟೆ ಎಂಬ ಸಂಕಟ ಬಿಡು. ನಾವಿಬ್ಬರೂ ಇಲ್ಲೇ ಇರುತ್ತೇವೆ. ಅವರಿಗೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ಎದುರಿಗೆ ಕೂತು ಜಗಳ ತೆಗೆಯುವವರು, ತಪ್ಪು ಮಾಡಿದರೆ ಬೈಸಿಕೊಳ್ಳುವವರು, ನಾಳೆ ಮಧ್ಯಾಹ್ನ ಬಾ ಎಂದು ಕಾಯುವವರು. ನಾನೊಬ್ಬಳೇ ಅಷ್ಟೆಲ್ಲ ಆಗಲಾರೆ, ನೀನೂ ಆಗಲಾರೆ. ದಸರೆಗೆ ಎಲ್ಲರೂ ಬನ್ನಿ. ಇವರೆಲ್ಲರಿಗೂ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ ಹೋಗಿ. ನಮ್ಮನ್ನು ಹೇರಿಕೊಳ್ಳದೆ ಗಾಡಿ ಬಂದ ಹಾಗೇ ಹೋಗಲಿ.

ನಿನ್ನ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಮಕ್ಕಳು ನಿನ್ನ ಹತ್ತಿರವೇ ಮನಸ್ಸು ಬಿಚ್ಚಿ ಮಾತಾಡುವಂತಿರಲಿ. ನನ್ನ ಆಯುಷ್ಯ ನಿನಗೂ ಇರಲಿ.

ನಿನ್ನ ಚಿಗವ್ವ,
ಶಿವಕಾಂತಾ

ತಾ.ಕ.: ಕಾಗದ ಮಡಿಚಿಟ್ಟಿದ್ದೆ, ಮತ್ತೆ ತೆರೆದೆ. ಒಡಪಿನ ನಡುವೆ ಹೆಸರು ಬಂತು ಎಂದಷ್ಟೇ ಬರೆದೆ, ಯಾವ ಹೆಸರೆಂದು ಬರೆಯಲಿಲ್ಲ. ನನ್ನದು ಎಂದುಕೊಂಡಿರುತ್ತೀ. ಇಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನಿಮ್ಮಪ್ಪ ಹೇಳಿದ್ದು, "ನಾಗರತ್ನಾ ಬಂದಾಳ ಮನಿಗೆ" ಎಂದು.

ಅದು ಅಕ್ಕನ ಮದುವೆಯ ಒಡಪು. ಅವತ್ತು ಬಾಗಿಲು ತಡೆದ ಹುಡುಗಿಯರ ಗುಂಪಿನಲ್ಲಿ ನಾನೂ ಇದ್ದೆ. "ಹೆಸರ ಹೇಳಿದ್ರ ಒಳಗ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಅದನ್ನೇ ಅವರು ಮೊನ್ನೆ ನನ್ನ ಮುಖ ನೋಡುತ್ತ ಹೇಳಿದರು. ನನ್ನ ಗುಳಿಗೆ ಡಬ್ಬಿಯ ಮೇಲೆ ಹೆಸರು ಬರೆಯುವ ಭಾಗ್ಯಾಗೆ ಮಾತ್ರ ತಿಳಿಯಿತು. ಅವಳು ಆಮೇಲೆ ನನ್ನ ಕೈ ಹಿಡಿದು, "ಬಾಯಿಪಾಠ ಆಗಿದ್ದು ಹಂಗ ಬರ್ತೈತ್ರಿ, ಮನಸಿಗಿ ಹಚ್ಚಿಕೋಬ್ಯಾಡ್ರಿ" ಎಂದಳು. ತಲೆಗೆ ತಿಳಿಯುತ್ತದೆ. ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವಳು ಸತ್ತದ್ದಕ್ಕೆ ಇವತ್ತಿಗೂ ಅಳುತ್ತೇನೆ. ಆದರೆ ನನಗೆ ಬಹಳ ನೋವಾಗಿದೆ ಮಗಳೇ. ಆ ಜಾಗದಲ್ಲಿ ನನ್ನ ಹೆಸರೂ ಚೆನ್ನಾಗಿ ಕೂಡುತ್ತದೆ. ಯಾರೂ ಇಲ್ಲದಾಗ ನಾನೇ ಹೇಳಿಕೊಂಡು ನೋಡಿದೆ.

ಈಗ ಇಲ್ಲಿ ನನ್ನನ್ನು ಯಾರೂ ಕಿಣ್ಣಿ ಬಾಯಾರ ಎನ್ನುವುದಿಲ್ಲ. "ನಾಗರತ್ನಾಬಾಯಿ, ಬರ್ರಿ, ಆಟ ಹತ್ತೇತಿ" ಎಂದು ಕೂಗುತ್ತಾರೆ. ಹಾಗೆ ಕೂಗಿದಾಗಲೆಲ್ಲ ನಿಮ್ಮಪ್ಪ ತಲೆ ಎತ್ತಿ ನಾನು ಬರುವ ದಾರಿ ನೋಡುತ್ತಾರೆ, ಬಂದ ಕೂಡಲೇ ನಗುತ್ತಾರೆ. ಅದಕ್ಕೇ ನಾನು ಓ ಎನ್ನುತ್ತೇನೆ. ನೀನು ದಸರೆಗೆ ಬಂದಾಗ ಯಾರನ್ನೂ ತಿದ್ದಬೇಡ. ಇವರೆಲ್ಲರ ಎದುರಿಗೆ ಚಿಗವ್ವ ಎಂದೂ ಕರೆಯಬೇಡ. ಒಂದು ದಿನದ ಮಟ್ಟಿಗೆ ಅವ್ವಾ ಅನ್ನು.